ಫ್ಲಾರೆನ್ಸ್ ನೈಟಿಂಗೇಲ್ ಮತ್ತು ದಾದಿಯರ ವೃತ್ತಿಸೋಪಾನ

ವರ್ಷಕ್ಕೊಮ್ಮೆ ಮೇ ತಿಂಗಳ 12ನೆಯ ತಾರೀಖು ಬಂದಿತೆಂದರೆ ನಮ್ಮ ಆಸ್ಪತ್ರೆಗಳಲ್ಲಿ ದಾದಿಯರ ಕೈಗೆ ದೀಪಗಳನ್ನು ಕೊಟ್ಟು, ಪ್ರತಿಜ್ಞೆಯನ್ನು ಓದಿಸಿ, ದೊಡ್ಡವರಿಂದ ಭಾಷಣಗಳನ್ನು ಮಾಡಿಸುವ ಪದ್ಧತಿಯುಂಟು. ಸೇವೆ, ತ್ಯಾಗ, ಮಾತೃಹೃದಯ ಮುಂತಾದ ಮಾತುಗಳು ಆ ದಿನ ಧಾರಾಳವಾಗಿ ಹರಿಯುತ್ತವೆ. ಮರುದಿನ ಅದೇ ದಾದಿಯು ಅದೇ ವಾರ್ಡಿಗೆ, ಅದೇ ಹುದ್ದೆಗೆ ಹಿಂದಿರುಗುತ್ತಾಳೆ. ಇಪ್ಪತ್ತು ವರ್ಷ ಕಳೆದರೂ ಅಲ್ಲಿಯೇ ಉಳಿಯತಕ್ಕವರು ಎಷ್ಟು ಮಂದಿ ಎಂಬ ವಿಚಾರವನ್ನು ಭಾಷಣಕಾರರು ಎತ್ತುವುದು ಅಪರೂಪ. ಯಾರ ಜನ್ಮದಿನವನ್ನು ಹೀಗೆ ಆಚರಿಸುತ್ತೇವೆಯೋ ಆ ಮಹಿಳೆಯು ದೀಪ ಹಿಡಿದು ಯುದ್ಧದ ಗಾಯಾಳುಗಳ ನಡುವೆ ನಡೆದುದು, ತನ್ನ 90 ವರ್ಷಗಳ ಆಯುಷ್ಯದಲ್ಲಿ, ಎರಡು ವರ್ಷಗಳಿಗಿಂತಲೂ ಕಡಮೆ ಕಾಲ. ಅನಂತರದ ದೀರ್ಘಕಾಲದಲ್ಲಿ ಆಕೆಯು ಕೈಗೊಂಡ ಕಾರ್ಯಗಳಲ್ಲಿ ಬಹು ಮುಖ್ಯವಾದುದೊಂದು, ದಾದಿಯ ಕೆಲಸವನ್ನು ಮನೆಗೆಲಸದ ಮಟ್ಟದಿಂದ ಎತ್ತಿ, ಕಲಿತು ಮೇಲೇರಬಹುದಾದ ವೃತ್ತಿಯನ್ನಾಗಿ ಮಾಡಿದುದು. ದೀಪದ ಕಥೆ ಎಲ್ಲರಿಗೂ ಗೊತ್ತು. ಈ ಏಣಿಯ ಕಥೆಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಫ್ಲಾರೆನ್ಸ್ ನೈಟಿಂಗೇಲಳು 1820ನೆಯ ಇಸವಿಯಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದಳು. ತಂದೆತಾಯಿಗಳು ಇಂಗ್ಲೆಂಡಿನ ಸಿರಿವಂತರು; ದೇಶಸಂಚಾರದಲ್ಲಿದ್ದಾಗ ಹುಟ್ಟಿದ ಮಗುವಿಗೆ ಆ ಊರಿನ ಹೆಸರನ್ನೇ ಇಟ್ಟರು. ಡರ್ಬಿಷೈರಿನಲ್ಲೊಂದು, ಹ್ಯಾಂಪ್‌ಷೈರಿನಲ್ಲೊಂದು, ಹೀಗೆ ಎರಡು ದೊಡ್ಡ ಮನೆಗಳು ಅವರಿಗಿದ್ದುವು. ತಂದೆ ವಿಲಿಯಂ ನೈಟಿಂಗೇಲನು ವಿದ್ಯಾವಂತ. ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾನೇ ಕಲಿಸಿದನು. ಕಿರಿಯವಳಾದ ಫ್ಲಾರೆನ್ಸಳಿಗೆ ಗಣಿತದ ಮೇಲೆ ಒಲವು ಹೆಚ್ಚು. 1837ನೆಯ ಇಸವಿ ಫೆಬ್ರವರಿ 7ರಂದು, ಇನ್ನೂ ಹದಿನೇಳು ತುಂಬದಿದ್ದಾಗ, ಭಗವಂತನು ತನ್ನನ್ನು ಸೇವೆಗೆ ಕರೆದನೆಂಬ ನಂಬಿಕೆ ಆಕೆಯ ಮನಸ್ಸಿನಲ್ಲಿ ಮೂಡಿತು. ಯಾವ ಸೇವೆ ಎಂಬುದು ತಿಳಿಯಲು ಇನ್ನೂ ಕೆಲವು ವರ್ಷಗಳು ಬೇಕಾದುವು.

1845ರಲ್ಲಿ ಆಕೆಯು, ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ಶುಶ್ರೂಷೆಯನ್ನು ಕಲಿಯಲು ಅಪ್ಪಣೆ ಬೇಡಿದಳು. ಮನೆಯಲ್ಲಿ ಕೋಲಾಹಲವೆದ್ದಿತು. ಹೆತ್ತವರನ್ನು ನಿಷ್ಕರುಣಿಗಳೆಂದು ದೂರುವುದಕ್ಕಿಂತ ಮೊದಲು, ಆ ಕಾಲದ ದಾದಿಯ ಸ್ಥಿತಿ ಹೇಗಿತ್ತೆಂಬುದನ್ನು ನೋಡಬೇಕು. ಆಕೆಗೆ ಶಿಕ್ಷಣವೆಂಬುದಿರಲಿಲ್ಲ. ನೆಲ ತಿಕ್ಕುವುದು, ಪಾತ್ರೆ ತೊಳೆಯುವುದು, ರೋಗಿಯನ್ನು ನೋಡಿಕೊಳ್ಳುವುದು, ಎಲ್ಲವೂ ಒಬ್ಬಳದೇ ಕೆಲಸ. ಎಷ್ಟೋ ಆಸ್ಪತ್ರೆಗಳಲ್ಲಿ ದಾದಿಯರು ಮಲಗುತ್ತಿದ್ದುದೂ, ಅಡಿಗೆ ಮಾಡಿಕೊಳ್ಳುತ್ತಿದ್ದುದೂ ವಾರ್ಡಿನ ಮಗ್ಗುಲಲ್ಲಿಯೇ. ಕುಡಿತವು ಸಾಮಾನ್ಯವಾಗಿತ್ತು. ಬೇರೆ ಕೆಲಸ ಸಿಕ್ಕದ ಬಡವೆಯು ಕೊನೆಗೆ ಹಿಡಿಯತಕ್ಕ ಕೆಲಸವೆಂದು ಲೋಕವು ಅದನ್ನು ಭಾವಿಸಿತ್ತು. ಇದರಲ್ಲಿ ನಿಷ್ಠೆಯುಳ್ಳ ಹೆಂಗಸರೂ ಇದ್ದರು. ಆದರೆ ನಿಷ್ಠೆಗೆ ಪ್ರತಿಫಲವಿರಲಿಲ್ಲ. ನಿನ್ನೆ ಸೇರಿದವಳಿಗೂ ಇಪ್ಪತ್ತು ವರ್ಷ ದುಡಿದವಳಿಗೂ ಅಂತರವು ಸ್ವಲ್ಪವೇ. ಮೇಲೆ ನೋಡಲು ಏನೂ ಇಲ್ಲದ ಕಡೆಯಲ್ಲಿ ಮನುಷ್ಯನ ತಲೆ ತಾನಾಗಿಯೇ ಬಾಗುವುದು ಸಹಜವಲ್ಲವೆ?

ಅಪ್ಪಣೆ ಸಿಕ್ಕದಿದ್ದರೂ ಆಕೆಯು ಕೈಚೆಲ್ಲಿ ಕೂಡಲಿಲ್ಲ. ಬೆಳಗಾಗುವುದಕ್ಕೆ ಮುಂಚೆ ಎದ್ದು ಆಸ್ಪತ್ರೆಗಳ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಂಡಳು. 1849ರಲ್ಲಿ, ತನಗೆ ಒಪ್ಪಿತನಾಗಿದ್ದ ವರನನ್ನೇ ನಿರಾಕರಿಸಿದಳು. 1850ರಲ್ಲಿ ಜರ್ಮನಿಯ ಕೈಸರ್‌ವರ್ತ್ ಎಂಬಲ್ಲಿದ್ದ ಪಾದ್ರಿ ಫ್ಲೀಡ್ನರನ ಸೇವಾಶ್ರಮವನ್ನು ಕಂಡು, ಮರುವರ್ಷ ಅಲ್ಲಿ ಸುಮಾರು ಮೂರು ತಿಂಗಳಿದ್ದು ಕಲಿತಳು. 1853ರ ಆಗಸ್ಟಿನಲ್ಲಿ ಲಂಡನ್ನಿನ ಹಾರ್ಲೆ ಬೀದಿಯಲ್ಲಿ, ಕಾಯಿಲೆ ಬಿದ್ದ ಬಡ ಕುಲೀನ ಸ್ತ್ರೀಯರಿಗಾಗಿ ಇದ್ದ ಒಂದು ಸಣ್ಣ ಶುಶ್ರೂಷಾಲಯದ ಮೇಲ್ವಿಚಾರಕಿಯಾದಳು. ಸಂಬಳವಿಲ್ಲ, ತಂದೆಯು ವರ್ಷಕ್ಕೆ 500 ಪೌಂಡು ಗೊತ್ತುಮಾಡಿಕೊಟ್ಟನು. ಆಕೆಯು ಅಲ್ಲಿ ಮೊದಲು ಕೇಳಿದ ಏರ್ಪಾಡುಗಳು ಗಮನಾರ್ಹವಾದುವು: ಪ್ರತಿ ಅಂತಸ್ತಿಗೂ ಬಿಸಿನೀರಿನ ಕೊಳವೆ, ಊಟದ ತಟ್ಟೆಗಳನ್ನು ಮೇಲಕ್ಕೆತ್ತುವ ಯಂತ್ರ, ರೋಗಿಯು ಎಳೆದರೆ ದಾದಿಗೆ ಕೇಳಿಸುವ ಗಂಟೆ. ದಾದಿಯ ಕಾಲುಗಳು ಮೆಟ್ಟಿಲಿನ ಮೇಲೆ ಸವೆದರೆ ರೋಗಿಗೆ ಆಕೆಯು ದೊರಕುವುದು ಹೇಗೆ ಎಂಬುದು ಆಕೆಯ ತರ್ಕ. ದಾದಿಯ ಸಮಯಕ್ಕೆ ಬೆಲೆಯುಂಟೆಂಬ ಈ ಭಾವನೆಯೇ ಆ ಕಾಲಕ್ಕೆ ಹೊಸದು.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಬಂದಿತು. ಗಾಯಗೊಂಡ ಸೈನಿಕರ ದುರವಸ್ಥೆಯು ಪತ್ರಿಕೆಗಳ ಮೂಲಕ ಇಂಗ್ಲೆಂಡಿಗೆ ತಿಳಿದು ಜನರು ಕೆರಳಿದರು. ಯುದ್ಧಖಾತೆಯ ಮಂತ್ರಿಯೂ ಆಕೆಯ ಮಿತ್ರನೂ ಆಗಿದ್ದ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ ಆಕೆಯು 38 ಮಂದಿ ದಾದಿಯರನ್ನು ಕೂಡಿಸಿಕೊಂಡು 1854ರ ಅಕ್ಟೋಬರ್ 21ರಂದು ಹೊರಟು, ನವೆಂಬರ್ 4ರಂದು ತುರ್ಕಿಯ ಸ್ಕುಟಾರಿಯನ್ನು ಮುಟ್ಟಿದಳು. ಈ 38 ಮಂದಿಯಲ್ಲಿ 24 ಮಂದಿ ಧಾರ್ಮಿಕ ಸಂಸ್ಥೆಗಳಿಂದ ಬಂದವರು. ಆಸ್ಪತ್ರೆಗಳಿಂದ ಆರಿಸಿದವರು 14 ಮಂದಿ ಮಾತ್ರ. ಇಡೀ ಲಂಡನ್ನಿನಲ್ಲಿ ಹುಡುಕಿದರೂ ಯೋಗ್ಯರಾದ ವೃತ್ತಿದಾದಿಯರು ಅಷ್ಟೇ ಸಿಕ್ಕಿದರೆಂಬುದು ಆಕೆಯ ಮನಸ್ಸಿನಲ್ಲಿ ನಾಟಿತು.

ಸ್ಕುಟಾರಿಯ ವೃತ್ತಾಂತವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ವೈದ್ಯರು ಮೊದಲು ಹೆಂಗಸರ ಸಹಾಯ ಬೇಡವೆಂದರು. ವೈದ್ಯನು ಕರೆಯದೆ ಯಾವ ದಾದಿಯೂ ರೋಗಿಯನ್ನು ಮುಟ್ಟಕೂಡದೆಂದು ಆಕೆಯು ಆಜ್ಞೆ ಮಾಡಿ ಕಾದಳು. ಕೆಲವೇ ದಿನಗಳಲ್ಲಿ ಗಾಯಾಳುಗಳು ಪ್ರವಾಹದಂತೆ ಬಂದಾಗ ವೈದ್ಯರೇ ಕರೆದರು. ಬಟ್ಟೆ ಒಗೆಯುವ ವ್ಯವಸ್ಥೆ, ಪಥ್ಯದ ಅಡಿಗೆ, ನೆಲ ಉಜ್ಜುವ ಬ್ರಷ್ಷು, ಅಂಗಿ, ಹಾಸಿಗೆಗಳನ್ನು ಆಕೆಯು ಒದಗಿಸಿದಳು. ಆದರೂ ಆ ಚಳಿಗಾಲದಲ್ಲಿ ಸಾವು ಹೆಚ್ಚುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಅದು ಶೇಕಡ 42ನ್ನು ಮೀರಿತ್ತು. ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದ ಕೆಳಗೆ ಕೊಳೆಯುತ್ತಿದ್ದ ಚರಂಡಿಗಳನ್ನು ತೊಳೆಸಿ, ಗಾಳಿ ಬೆಳಕುಗಳಿಗೆ ದಾರಿ ಮಾಡಿದ ಮೇಲೆ ಜೂನ್ ಹೊತ್ತಿಗೆ ಅದು ಶೇಕಡ 2ರ ಸಮೀಪಕ್ಕೆ ಇಳಿಯಿತು. ಯುದ್ಧದ ತರುವಾಯ ಲೆಕ್ಕಗಳನ್ನು ಕೂಡಿಸಿ ನೋಡಿದಾಗ, ಜೀವ ಉಳಿಸಿದುದರಲ್ಲಿ ಚರಂಡಿಯ ಪಾಲೇ ದೊಡ್ಡದೆಂಬುದನ್ನು ಆಕೆಯೇ ಕಂಡುಕೊಂಡಳು, ಕಂಡುದನ್ನು ಮುಚ್ಚಿಡಲಿಲ್ಲ. ಅಂಕಿಗಳನ್ನು ಬಣ್ಣದ ಚಿತ್ರಗಳಾಗಿ ಬರೆದು ಮಂತ್ರಿಗಳ ಮುಂದಿಟ್ಟಳು. ಲಂಡನ್ನಿನ ಅಂಕಿಅಂಶ ಸಂಘಕ್ಕೆ ಸದಸ್ಯಳಾಗಿ ಆಯ್ಕೆಯಾದ ಮೊದಲನೆಯ ಮಹಿಳೆ ಆಕೆಯೇ. ಕರುಣೆಯೊಂದೇ ಸಾಲದು, ಜ್ಞಾನ ಬೇಕು, ವ್ಯವಸ್ಥೆ ಬೇಕು ಎಂಬ ಪಾಠವನ್ನು ಸ್ಕುಟಾರಿಯು ಆಕೆಗೆ ಕಲಿಸಿತು.

1856ರ ಆಗಸ್ಟಿನಲ್ಲಿ, ಮೆರವಣಿಗೆಗಳನ್ನು ತಪ್ಪಿಸಿಕೊಂಡು, ಆಕೆಯು ಮನೆಗೆ ಹಿಂದಿರುಗಿದಳು. ಯುದ್ಧಭೂಮಿಯಲ್ಲಿ ಹಿಡಿದ ಜ್ವರದಿಂದ ದೇಹವು ಜರ್ಜರಿತವಾಗಿತ್ತು. 1857ರಿಂದ ಮುಂದೆ ಬಹುಕಾಲ ಹಾಸಿಗೆಯಲ್ಲಿಯೇ ಕುಳಿತು ಕೆಲಸ ಮಾಡಬೇಕಾಯಿತು. ಆಕೆಯ ಗೌರವಾರ್ಥವಾಗಿ 1855ರಲ್ಲಿಯೇ ಆರಂಭಿಸಿದ್ದ ನಿಧಿಯಲ್ಲಿ ಸುಮಾರು 44,000 ಪೌಂಡು ಸೇರಿತ್ತು. ಸಿಪಾಯಿಗಳು ಕೂಡ ತಮ್ಮ ಸಂಬಳದಿಂದ ಕೊಟ್ಟಿದ್ದರು. ಆ ಹಣದಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯನ್ನು ಸ್ಥಾಪಿಸಬೇಕೆಂದು ಗೊತ್ತಾಯಿತು. ಆಗ ಅದೇ ಆಸ್ಪತ್ರೆಯ ಶಸ್ತ್ರವೈದ್ಯನಾಗಿದ್ದ ಜಾನ್ ಫ್ಲಿಂಟ್ ಸೌತ್ ಎಂಬಾತನು, ದಾದಿಯರು ಮನೆಗೆಲಸದ ಹೆಂಗಸರ ಅಂತಸ್ತಿನವರು, ಅವರಿಗೆ ಹೆಚ್ಚಿನ ಶಿಕ್ಷಣವು ಅನಾವಶ್ಯಕವೆಂದು ಪುಸ್ತಕ ಬರೆದು ವಾದಿಸಿದನು. ಈ ವಾದಕ್ಕೆ ಉತ್ತರವಾಗಿ 1860ನೆಯ ಇಸವಿ ಜೂನ್ ತಿಂಗಳಲ್ಲಿ ಹದಿನೈದು ಮಂದಿ ವಿದ್ಯಾರ್ಥಿನಿಯರೊಡನೆ ಶಾಲೆಯು ತೆರೆಯಿತು.

ಆ ಶಾಲೆಯ ನಿಯಮಗಳನ್ನು ಸಾವಕಾಶವಾಗಿ ನೋಡುವುದು ಉಚಿತ. ಸೇರತಕ್ಕವಳಿಗೆ ಶೀಲದ ಬಗೆಗೆ ಸಾಕ್ಷಿಪತ್ರವಿರಬೇಕು. ಒಂದು ವರ್ಷದ ಶಿಕ್ಷಣ. ಆ ಅವಧಿಯಲ್ಲಿ ಊಟ, ವಸತಿ, ಸಮವಸ್ತ್ರಗಳು ಉಚಿತ. ಕೈಖರ್ಚಿಗೆಂದು 10 ಪೌಂಡು. ಪ್ರತಿಯೊಬ್ಬಳಿಗೂ ಪ್ರತ್ಯೇಕ ಕೊಠಡಿ. ವಾರ್ಡಿನ ಮೂಲೆಯಲ್ಲಿ ಮಲಗುವ ದುರ್ಗತಿ ಇಲ್ಲಿಗೆ ಮುಗಿಯಿತು. ಕಾಲಪಾಲನೆ, ಮೌನ, ನಂಬಿಕೆ, ಶುಚಿತ್ವ, ವಾರ್ಡಿನ ಓರಣ ಮೊದಲಾದ ಗುಣಗಳಿಗೂ, ಹುಣ್ಣಿಗೆ ಕಟ್ಟು ಕಟ್ಟುವುದೇ ಮುಂತಾದ ಕೌಶಲಗಳಿಗೂ ತಿಂಗಳು ತಿಂಗಳು ದರ್ಜೆ ಹಾಕುವ ಪುಸ್ತಕವಿತ್ತು. ವರ್ಷ ಮುಗಿದು ಯೋಗ್ಯಳೆಂದು ಕಂಡವಳ ಹೆಸರನ್ನು ಶಾಲೆಯ ಪಟ್ಟಿಯಲ್ಲಿ ಬರೆದು, ನಿಧಿಯವರು ಗೊತ್ತುಮಾಡಿದ ಆಸ್ಪತ್ರೆಯಲ್ಲಿ ಕೆಲವು ವರ್ಷಗಳ ಕಾಲ ಸಂಬಳದ ಮೇಲೆ ನೇಮಿಸುತ್ತಿದ್ದರು. ವಿದ್ಯಾರ್ಥಿನಿಯು ದಾದಿಯಾಗಬಹುದು, ದಾದಿಯು ವಾರ್ಡಿನ ಯಜಮಾನಿಕೆಯುಳ್ಳ ಸಿಸ್ಟರ್ ಆಗಬಹುದು, ಸಿಸ್ಟರಳು ಇಡೀ ಆಸ್ಪತ್ರೆಯ ದಾದಿಯರ ಮೇಲಧಿಕಾರಿಯಾದ ಮೇಟ್ರನ್ ಆಗಬಹುದು. ಏಣಿಯ ಮೆಟ್ಟಿಲುಗಳು ಹೀಗೆ ಸ್ಪಷ್ಟವಾಗಿ ಕಾಣಿಸಿಕೊಂಡುವು.

ಇದರ ಬೆನ್ನೆಲುಬಾಗಿ ಆಕೆಯು ಹಿಡಿದ ತತ್ತ್ವವೊಂದುಂಟು. ದಾದಿಯರ ನೇಮಕ, ಶಿಸ್ತು, ಬಡ್ತಿಗಳೆಲ್ಲ ಶಿಕ್ಷಣ ಪಡೆದ ಒಬ್ಬ ಸ್ತ್ರೀಯ ಕೈಯಲ್ಲಿರಬೇಕು. ವೈದ್ಯನ ಕೈಯಲ್ಲಾಗಲಿ ಉಗ್ರಾಣದ ಅಧಿಕಾರಿಯ ಕೈಯಲ್ಲಾಗಲಿ ಇರಕೂಡದು. ಚಿಕಿತ್ಸೆಯ ವಿಷಯದಲ್ಲಿ ವೈದ್ಯನ ಮಾತೇ ಮಾತು. ಆದರೆ ಯಾವ ದಾದಿಯು ಎಲ್ಲಿ ಕೆಲಸ ಮಾಡಬೇಕು, ಯಾರು ಮೇಲೇರಬೇಕು ಎಂಬುದು ಮೇಟ್ರನ್ನಳ ತೀರ್ಮಾನ. ಇದು ಅನೇಕ ಆಸ್ಪತ್ರೆಗಳಲ್ಲಿ ಜಗಳಕ್ಕೆ ಕಾರಣವಾಯಿತು. ಆದರೂ ಆಕೆಯು ಬಿಟ್ಟುಕೊಡಲಿಲ್ಲ. ಬೇರೊಂದು ವೃತ್ತಿಯವರ ಬಾಲಂಗೋಚಿಯಾಗಿರುವ ವೃತ್ತಿಗೆ ತನ್ನದೇ ಶಿಖರವಿರುವುದಿಲ್ಲವೆಂಬುದನ್ನು ಆಕೆಯು ಅರಿತಿದ್ದಳು.

ಇಷ್ಟು ಹೇಳಿ ನಿಲ್ಲಿಸಿದರೆ ಸ್ತೋತ್ರವಾದೀತೇ ಹೊರತು ಚರಿತ್ರೆಯಾಗದು. ಮೊದಲ ಹತ್ತು ವರ್ಷಗಳಲ್ಲಿ ಆಕೆಯ ಗಮನವೆಲ್ಲ ಸೈನ್ಯದ ಮತ್ತು ಹಿಂದೂಸ್ಥಾನದ ನೈರ್ಮಲ್ಯದ ಕಡೆಗಿತ್ತು. ಶಾಲೆಯನ್ನು ಮೇಟ್ರನ್ ವಾರ್ಡ್ರೋಪರಳಿಗೂ ಆಸ್ಪತ್ರೆಯ ವೈದ್ಯನಿಗೂ ಒಪ್ಪಿಸಿಬಿಟ್ಟಿದ್ದಳು. 1871-72ರಲ್ಲಿ ತಾನೇ ವಿಚಾರಿಸಿದಾಗ, ಪಾಠಗಳು ಸರಿಯಾಗಿ ನಡೆಯುತ್ತಿಲ್ಲವೆಂದೂ, ವಿದ್ಯಾರ್ಥಿನಿಯರನ್ನು ಪುಕ್ಕಟೆಯ ಆಳುಗಳಂತೆ ವಾರ್ಡುಗಳಲ್ಲಿ ದುಡಿಸಿಕೊಳ್ಳಲಾಗುತ್ತಿದೆಯೆಂದೂ ಗೊತ್ತಾಯಿತು. ಆಕೆಯು ತಪ್ಪನ್ನು ಒಪ್ಪಿ, ಪಾಠಕ್ಕೆ ಹೊಸ ವೈದ್ಯನನ್ನೂ, ವಿದ್ಯಾರ್ಥಿನಿಯರ ಯೋಗಕ್ಷೇಮಕ್ಕೆ ಮನೆಯ ಸಿಸ್ಟರ್ ಎಂಬ ಹೊಸ ಅಧಿಕಾರಿಯನ್ನೂ ಗೊತ್ತುಮಾಡಿದಳು. 1872ರಿಂದ ವಿದ್ಯಾರ್ಥಿನಿಯರಿಗೆ ಪತ್ರರೂಪದ ಉಪದೇಶಗಳನ್ನು ಬರೆಯತೊಡಗಿದಳು. ಒಬ್ಬೊಬ್ಬರನ್ನಾಗಿ ಮನೆಗೆ ಕರೆದು ಮಾತನಾಡಿಸಿದಳು.

ಇನ್ನೊಂದು ಕುಂದು ಆಳವಾದುದು. ಶಾಲೆಗೆ ಎರಡು ಬಾಗಿಲುಗಳಿದ್ದುವು. ಬಡ ಮನೆಯ ಹುಡುಗಿಯು ಕೈಖರ್ಚಿನ ಹಣ ಪಡೆದು ಸೇರುವ ಬಾಗಿಲೊಂದು. ಕುಲೀನ ಮನೆಯವಳು ತನ್ನ ಊಟ ವಸತಿಗೆ 30 ಪೌಂಡು ತಾನೇ ತೆತ್ತು ಸೇರುವ ಬಾಗಿಲು ಮತ್ತೊಂದು. ಎರಡನೆಯ ಬಾಗಿಲಿನಿಂದ ಬಂದವರನ್ನು ಮೊದಲಿನಿಂದಲೇ ಮೇಲ್ವಿಚಾರಕಿಯರ ಹುದ್ದೆಗೆಂದು ತಯಾರುಮಾಡುತ್ತಿದ್ದರು. ಏಣಿಯು ಎಲ್ಲರಿಗೂ ಕಾಣುತ್ತಿತ್ತು. ಮೇಲಿನ ಮೆಟ್ಟಿಲುಗಳನ್ನು ಹತ್ತಿದವರು ಸಾಮಾನ್ಯವಾಗಿ ಒಂದೇ ಬಾಗಿಲಿನವರು. ಆ ಕಾಲದ ಇಂಗ್ಲೆಂಡಿನ ವರ್ಗಭೇದವನ್ನು ಆಕೆಯು ಪೂರ್ಣವಾಗಿ ದಾಟಲಿಲ್ಲವೆಂದೇ ಹೇಳಬೇಕು. ಜಾತಿಯ ಏಣಿಶ್ರೇಣಿಗಳನ್ನು ಬಲ್ಲ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ.

ಆದರೂ ಆ ಶಾಲೆಯಿಂದ ಹೊರಟ ಸ್ತ್ರೀಯರು ಹಬ್ಬಿದ ರೀತಿ ಆಶ್ಚರ್ಯಕರವಾದುದು. 1865ರಲ್ಲಿ ಆಗ್ನೆಸ್ ಜೋನ್ಸಳು 12 ಮಂದಿ ದಾದಿಯರೊಡನೆ ಲಿವರ್‌ಪೂಲಿನ ಅನಾಥಾಲಯದ ಆಸ್ಪತ್ರೆಗೆ ಹೋಗಿ, ದಿಕ್ಕಿಲ್ಲದ ಬಡರೋಗಿಗಳಿಗೂ ಶಿಕ್ಷಿತರಾದ ದಾದಿಯರು ಬೇಕೆಂಬುದನ್ನು ಸ್ಥಾಪಿಸಿದಳು. 1868ರಲ್ಲಿ ಅಲ್ಲಿಯೇ ಟೈಫಸ್ ಜ್ವರಕ್ಕೆ ಬಲಿಯಾದಳು. ಅದೇ ವರ್ಷ ಲೂಸಿ ಆಸ್ಬರ್ನಳು ಐವರು ಸಂಗಡಿಗರೊಡನೆ ಆಸ್ಟ್ರೇಲಿಯಾದ ಸಿಡ್ನಿಯನ್ನು ಸೇರಿದಳು. ಆಂಜೆಲಿಕ್ ಪ್ರಿಂಗಲಳು ಎಡಿನ್‌ಬರೋ ಆಸ್ಪತ್ರೆಯ ಮುಖ್ಯಸ್ಥಳಾಗಿ, 1887ರಲ್ಲಿ ತಾನು ಕಲಿತ ಸೇಂಟ್ ಥಾಮಸ್ಸಿಗೇ ಮೇಟ್ರನ್ ಆಗಿ ಮರಳಿದಳು. ಆಸ್ಪತ್ರೆಯ ಹೊರಗೂ ದಾರಿಗಳು ತೆರೆದುವು. ಫ್ಲಾರೆನ್ಸ್ ಲೀಸಳ ನೇತೃತ್ವದಲ್ಲಿ 1874ರಿಂದ ಲಂಡನ್ನಿನ ಬಡವರ ಮನೆಮನೆಗೆ ಹೋಗುವ ದಾದಿಯರ ಸಂಸ್ಥೆ ಬೆಳೆಯಿತು. ಒಬ್ಬಂಟಿಯಾಗಿ ನಿರ್ಣಯ ಮಾಡಬೇಕಾದ ಆ ದಾದಿಗೆ ಆಸ್ಪತ್ರೆಯ ದಾದಿಗಿಂತ ಹೆಚ್ಚಿನ ಶಿಕ್ಷಣ ಬೇಕೆಂದು ನೈಟಿಂಗೇಲಳು ಒತ್ತಿ ಹೇಳಿದಳು. ಸೂಲಗಿತ್ತಿಯರಿಗೆಂದು ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ನಡೆಸಿದ ಶಾಲೆಯಲ್ಲಿ ಬಾಣಂತಿಯರು ಸೂತಿಕಾಜ್ವರದಿಂದ ಸಾಯತೊಡಗಿದಾಗ, 1867ರಲ್ಲಿ ಅದನ್ನು ಮುಚ್ಚಿಸಿ, ಸಾವಿನ ಲೆಕ್ಕಗಳನ್ನು ಶೋಧಿಸಿ 1871ರಲ್ಲಿ ಗ್ರಂಥವನ್ನು ಪ್ರಕಟಿಸಿದಳು.

ವೃದ್ಧಾಪ್ಯದಲ್ಲಿ ಆಕೆಗೆ ದೊಡ್ಡದೊಂದು ವಿವಾದವು ಎದುರಾಯಿತು. 24ನೆಯ ವಯಸ್ಸಿಗೇ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಮೇಟ್ರನ್ ಆಗಿದ್ದ ಶ್ರೀಮತಿ ಬೆಡ್‌ಫರ್ಡ್ ಫೆನ್‌ವಿಕ್ ಎಂಬಾಕೆಯು 1887ರಲ್ಲಿ ಬ್ರಿಟಿಷ್ ದಾದಿಯರ ಸಂಘವನ್ನು ಕಟ್ಟಿ, ವೈದ್ಯರಿಗಿರುವಂತೆ ದಾದಿಯರಿಗೂ ಮೂರು ವರ್ಷಗಳ ಶಿಕ್ಷಣ, ಸಾರ್ವತ್ರಿಕ ಪರೀಕ್ಷೆ, ಮಾನ್ಯತೆಯುಳ್ಳ ರಿಜಿಸ್ಟರು ಬೇಕೆಂದು ಚಳವಳಿ ಹೂಡಿದಳು. ನೈಟಿಂಗೇಲಳು ತನ್ನ ಪ್ರಭಾವವನ್ನೆಲ್ಲ ಉಪಯೋಗಿಸಿ ವಿರೋಧಿಸಿದಳು. ಶೀಲವನ್ನು ಪರೀಕ್ಷೆಯಿಂದ ಅಳೆಯಲಾಗದು. ಒಮ್ಮೆ ಹೆಸರು ದಾಖಲಾದರೆ ದಾದಿಯು ಕಲಿಯುವುದನ್ನು ನಿಲ್ಲಿಸುತ್ತಾಳೆ. ಹತ್ತು ವರ್ಷಗಳ ಹಿಂದಿನ ಪಟ್ಟಿಯು ಇಂದಿನ ಯೋಗ್ಯತೆಯನ್ನು ಹೇಳದು. ಇವು ಆಕೆಯ ಆಕ್ಷೇಪಗಳು. ಇವುಗಳಲ್ಲಿ ಸತ್ಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ರಿಜಿಸ್ಟರು ಇಲ್ಲದ ಕಡೆಯಲ್ಲಿ ದಾದಿಯ ಭವಿಷ್ಯವು ಒಬ್ಬ ಮೇಟ್ರನ್ನಳ ಕೃಪಾಕಟಾಕ್ಷವನ್ನು ಅವಲಂಬಿಸುತ್ತದೆ. ಒಂದು ಆಸ್ಪತ್ರೆಯಲ್ಲಿ ಗಳಿಸಿದ ಯೋಗ್ಯತೆಯು ಇನ್ನೊಂದರಲ್ಲಿ ನಡೆಯುವುದೆಂಬ ಭರವಸೆಯಿರುವುದಿಲ್ಲ. ಈ ವಿಷಯದಲ್ಲಿ ಕಾಲವು ಫೆನ್‌ವಿಕ್ಕಳ ಪಕ್ಷವನ್ನೇ ಹಿಡಿಯಿತು. ನೈಟಿಂಗೇಲಳು ತೀರಿಕೊಂಡು ಒಂಬತ್ತು ವರ್ಷಗಳ ತರುವಾಯ, 1919ರಲ್ಲಿ, ದಾದಿಯರ ನೋಂದಣಿಯ ಶಾಸನವು ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿತು. ರಿಜಿಸ್ಟರಿನ ಮೊದಲನೆಯ ಹೆಸರು ಫೆನ್‌ವಿಕ್ಕಳದು.

ನಮ್ಮ ದೇಶದೊಡನೆ ಆಕೆಯ ಸಂಬಂಧವು ವಿಚಿತ್ರವಾದುದು. ಒಮ್ಮೆಯೂ ಇಲ್ಲಿಗೆ ಬಾರದೆ, ನಾಲ್ವತ್ತು ವರ್ಷಗಳ ಕಾಲ ಇಲ್ಲಿಯ ನೀರು, ಚರಂಡಿ, ಕ್ಷಾಮ, ರೈತರ ಸಾಲಗಳನ್ನು ಕುರಿತು ಬರೆದಳು. ಹಿಂದೂಸ್ಥಾನದ ಸೈನ್ಯದ ನೈರ್ಮಲ್ಯವನ್ನು ವಿಚಾರಿಸಲು 1859ರಲ್ಲಿ ನೇಮಿಸಿದ ಆಯೋಗದ ಹಿಂದಿನ ಶಕ್ತಿ ಆಕೆಯೇ. ಆಗ ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. 1873ರ ಹೊತ್ತಿಗೆ ಆ ಸಂಖ್ಯೆ 18ಕ್ಕೆ ಇಳಿದುದನ್ನು ಆಕೆಯು ಲೆಕ್ಕಹಾಕಿ ತೋರಿಸಿದಳು. ದಂಡುಗಳಿಂದ ತರಿಸಿದ ವರದಿಗಳನ್ನು ಓದುತ್ತ, ಬೆಂಗಳೂರಿನ ಹಲಸೂರು ಕೆರೆಗೆ ಪೇಟೆಯ ಕೊಳೆಯು ಹರಿದುಬರುತ್ತಿರುವುದನ್ನು ಕೂಡ ಆಕೆಯು ಗುರುತಿಸಿ ಬರೆದಿದ್ದಳು. 1865ರಲ್ಲಿ ಇಲ್ಲಿಯ ಆಸ್ಪತ್ರೆಗಳಿಗೆ ದಾದಿಯರ ವ್ಯವಸ್ಥೆಯನ್ನು ಸೂಚಿಸಿ ಯೋಜನೆಯೊಂದನ್ನು ಕಳುಹಿಸಿದಳು. ಖರ್ಚು ಹೆಚ್ಚೆಂದು ಸರ್ಕಾರವು ಅದನ್ನು ತಳ್ಳಿಹಾಕಿತು. ಸೈನಿಕ ಆಸ್ಪತ್ರೆಗಳಿಗೆ ಶಿಕ್ಷಿತರಾದ ದಾದಿಯರು ಬಂದುದು 1888ರಲ್ಲಿ. ದಾದಿಗೆ ಹಣವಿಲ್ಲವೆಂಬ ಉತ್ತರವು ಈ ದೇಶದ ಕಚೇರಿಗಳಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದೊಂದು ನಿದರ್ಶನ.

1907ರಲ್ಲಿ ಆಕೆಗೆ ಆರ್ಡರ್ ಆಫ್ ಮೆರಿಟ್ ಎಂಬ ಪ್ರಶಸ್ತಿಯು ದೊರೆಯಿತು. ಅದನ್ನು ಪಡೆದ ಮೊದಲನೆಯ ಮಹಿಳೆ ಆಕೆ. ಅಷ್ಟರಲ್ಲಿ ಕಣ್ಣು ಹೋಗಿ, ನೆನಪು ಮಬ್ಬಾಗಿತ್ತು. 1910ನೆಯ ಇಸವಿ ಆಗಸ್ಟ್ 13ರಂದು ಲಂಡನ್ನಿನಲ್ಲಿ ಕಾಲವಾದಳು. ರಾಜರನ್ನೂ ಕವಿಗಳನ್ನೂ ಹೂಳುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡಲು ಬಂದರೂ ಬಂಧುಗಳು ಒಪ್ಪದೆ, ಹ್ಯಾಂಪ್‌ಷೈರಿನ ಹಳ್ಳಿಯೊಂದರ ಚರ್ಚಿನ ಬಳಿ ಸಮಾಧಿ ಮಾಡಿದರು.

ಈ ಜೀವನದಿಂದ ನಾವು ತಿಳಿಯಬೇಕಾದುದೇನು? 1946ರಲ್ಲಿ ಭೋರ್ ಸಮಿತಿಯು ಇಡೀ ದೇಶದಲ್ಲಿ ಸುಮಾರು 7,000 ಮಂದಿ ನೋಂದಾಯಿತ ದಾದಿಯರು ಮಾತ್ರ ಇರುವರೆಂದು ವರದಿ ಮಾಡಿತು. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯ ಪದವಿ ವ್ಯಾಸಂಗವು ಆರಂಭವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಶಾಸನವೂ, 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿಯರ ಆಯೋಗದ ಶಾಸನವೂ ಬಂದುವು. ಇಂದು ಡಿಪ್ಲೊಮಾ ಪಡೆದವರು ಪದವಿಗೂ, ಪದವೀಧರರು ಎಂ. ಎಸ್‌ಸಿ., ಪಿ‌ಎಚ್. ಡಿ.ಗಳಿಗೂ ಹೋಗಬಹುದು. ಕೇಂದ್ರಸರ್ಕಾರದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಆಗಿ ಸೇರಿದವರು ಹಿರಿಯ ನರ್ಸಿಂಗ್ ಆಫೀಸರ್, ಸಹಾಯಕ ಸೂಪರಿಂಟೆಂಡೆಂಟ್, ಉಪಸೂಪರಿಂಟೆಂಡೆಂಟ್, ಸೂಪರಿಂಟೆಂಡೆಂಟ್ ಎಂಬ ಮೆಟ್ಟಿಲುಗಳನ್ನು ಏರುವ ಏರ್ಪಾಡಿದೆ. ಕಾಗದದ ಮೇಲೆ ಏಣಿಯು ಕೊರತೆಯಿಲ್ಲದೆ ನಿಂತಿದೆ.

ಆದರೆ ಆಸ್ಪತ್ರೆಯ ಆಡಳಿತವನ್ನು ಕೈಯಲ್ಲಿ ಹಿಡಿದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಉಳಿದಿವೆ. ಕೆಳಗಿನ ಬಾಗಿಲಿನಿಂದ ಬಂದ ದಾದಿಗೆ ಮೇಲಿನ ವ್ಯಾಸಂಗಕ್ಕೆ ರಜೆಯೂ ವೇತನವೂ ದೊರೆಯುತ್ತವೆಯೆ? ಮೇಲಿನ ಹುದ್ದೆಗಳನ್ನು ಖಾಲಿ ಬಿಡದೆ ಕಾಲಕಾಲಕ್ಕೆ ತುಂಬಲಾಗುತ್ತಿದೆಯೆ? ರೋಗಿಯ ಹಾಸಿಗೆಯ ಬಳಿಯಲ್ಲಿ ಅಪ್ರತಿಮ ಕೌಶಲವನ್ನು ತೋರಿದವರು ಮೇಲೇರಬೇಕಾದರೆ ಆ ಹಾಸಿಗೆಯನ್ನು ಬಿಟ್ಟು ಕಡತಗಳ ಮೇಜಿಗೆ ಹೋಗಲೇಬೇಕೆ, ಅಥವಾ ಅಲ್ಲಿಯೇ ನಿಂತು ಬೆಳೆಯುವ ದಾರಿಯೊಂದುಂಟೆ? ದಾದಿಯರ ಬಡ್ತಿಯ ವಿಚಾರ ಬಂದಾಗ ದಾದಿಯೊಬ್ಬರ ಧ್ವನಿಗೆ ಸಭೆಯಲ್ಲಿ ಸ್ಥಾನವಿದೆಯೆ? ಇವಕ್ಕೆ ಉತ್ತರವಿಲ್ಲದ ಕಡೆಗಳಿಂದ ನಮ್ಮ ಊರುಗಳಲ್ಲಿ ಕಲಿತ ಹೆಣ್ಣುಮಕ್ಕಳು ಗಲ್ಫ್ ದೇಶಗಳಿಗೂ ಬ್ರಿಟನ್ನಿಗೂ ಹೊರಟುಹೋದರೆ, ಅವರಿಗೆ ದೇಶಾಭಿಮಾನದ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಹೊಗಳಿಕೆಯಿಂದ ಹೊಟ್ಟೆ ತುಂಬದು. ಹಾರದಿಂದ ಹುದ್ದೆಯೂ ಏರದು.

ನೈಟಿಂಗೇಲಳು ದಾದಿಯರನ್ನು ದೇವತೆಗಳೆಂದು ಪೂಜಿಸಲಿಲ್ಲ. ಅವರಿಗೆ ಕೊಠಡಿ ಕೊಟ್ಟಳು, ಪಾಠ ಕೊಟ್ಟಳು, ಸಂಬಳ ಕೊಟ್ಟಳು, ಅಧಿಕಾರ ಕೊಟ್ಟಳು. ತಪ್ಪಿದಾಗ ತನ್ನ ಶಾಲೆಯನ್ನೇ ತಿದ್ದಿದಳು. ಮುಂದಿನ ಮೇ ತಿಂಗಳಲ್ಲಿ ದೀಪ ಹಚ್ಚುವ ಅಧಿಕಾರಿಗಳು, ಹಚ್ಚುವುದಕ್ಕೆ ಮುಂಚೆ, ತಮ್ಮ ಆಸ್ಪತ್ರೆಯ ದಾದಿಯರ ಬಡ್ತಿಯ ಕಡತವನ್ನು ಒಮ್ಮೆ ತರಿಸಿ ನೋಡಲೆಂದು ನಾವು ಕೋರುತ್ತೇವೆ.